ನಾನೂ ಪಾಹೋಮನೇ? ಹಳೆಯ ಕತೆಗಳ ದುರಾಸೆ ಮತ್ತು ಎರಡನೇ ಮನೆಯ ಸಾಲ

ಓದುಗರ ಪ್ರಶ್ನೆ: ನನಗೆ 43 ವರ್ಷ. ಕೆಲಸ ಇದೆ, ಇರಲು ಸ್ವಂತ ಮನೆ ಇದೆ, ಅದರ ಸಾಲವೂ ತೀರುತ್ತಾ ಬಂದಿದೆ. ಕೆಲವು ವರ್ಷಗಳಿಂದ ಷೇರಿನಲ್ಲೂ ಹಣ ಹಾಕುತ್ತಿದ್ದೇನೆ. ಇಷ್ಟಾದರೆ ಸಾಕು ಅಂತ ಒಂದು ಮೊತ್ತ ಮನಸ್ಸಿನಲ್ಲಿತ್ತು. ಅಷ್ಟು ಆಯಿತು. ಈಗ ಅದರ ಎರಡರಷ್ಟಾಗಲಿ ಅನ್ನಿಸುತ್ತಿದೆ. ಇನ್ನೊಂದು ಮನೆ ಕೊಳ್ಳಲು ಸಾಲಕ್ಕೂ ಅರ್ಜಿ ಹಾಕಿದ್ದೇನೆ. ಹೋದ ತಿಂಗಳು ಮಗಳಿಗೆ ಶಾಲೆಯಲ್ಲಿ ಟಾಲ್‌ಸ್ಟಾಯ್ ಕತೆ ಪಾಠವಾಯಿತು. ಮನುಷ್ಯನಿಗೆ ಎಷ್ಟು ನೆಲ ಬೇಕು ಅನ್ನುವ ಕತೆ, ಪಾಹೋಮ್ ಅನ್ನುವ ರೈತನದು. ಮನೆಗೆ ಬಂದವಳೇ "ಅಪ್ಪಾ, ನೀನೂ ಪಾಹೋಮನ ಥರಾನೇ ಅಲ್ವಾ?" ಅಂದಳು. ನಕ್ಕು ಸುಮ್ಮನಾದೆ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕಲು ಈಗ ಕೈ ಬರುತ್ತಿಲ್ಲ. ಗೆಳೆಯರು, "ಆಸೆ ಇಲ್ಲದಿದ್ದರೆ ಯಾರೂ ಮುಂದೆ ಬರೋದಿಲ್ಲ, ಅವೆಲ್ಲ ಬಡವರನ್ನ ಇದ್ದಲ್ಲೇ ಇಡೋಕೆ ಉಳ್ಳವರು ಕಟ್ಟಿದ ಕತೆ" ಅನ್ನುತ್ತಾರೆ. ರಾಜರ, ಜಮೀನ್ದಾರರ ಕಾಲದ ಕತೆಗಳು ಪಿಂಚಣಿಯಿಲ್ಲದ, ಬೆಲೆ ಏರುತ್ತಲೇ ಇರುವ ಈ ಕಾಲಕ್ಕೆ ಹೊಂದುತ್ತವೆಯೇ? ನನ್ನದು ದುರಾಸೆಯೋ ಮುಂದಾಲೋಚನೆಯೋ ಅಂತ ಗೊತ್ತಾಗುವುದು ಹೇಗೆ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಕತೆಗಳ ಬಗ್ಗೆ, ಇನ್ನೊಂದು ನಿಮ್ಮ ಬಗ್ಗೆ. ನಾನು ಸಾಹಿತ್ಯದ ಮೇಷ್ಟ್ರು. ಈ ಕತೆಗಳನ್ನು ವರ್ಷಗಟ್ಟಲೆ ಪಾಠ ಮಾಡಿದವನು. ಹಣಕಾಸಿನ ಸಲಹೆಗಾರನಲ್ಲ. ಸಾಲದ ಕಂತು ನಿಮ್ಮ ಸಂಬಳಕ್ಕೆ ಹೊಂದುತ್ತದೆಯೇ ಅನ್ನುವುದನ್ನು ಲೆಕ್ಕ ಬಲ್ಲವರ ಹತ್ತಿರ ಕೇಳಿ. ಆದರೆ ಮಗಳ ಮಾತು ಯಾಕೆ ಚುಚ್ಚಿತು ಅನ್ನುವುದಕ್ಕೆ ನನ್ನ ಹತ್ತಿರ ಸ್ವಲ್ಪ ಉತ್ತರ ಇದೆ.

ಮೊದಲು ನಿಮ್ಮ ಗೆಳೆಯರ ಆರೋಪ ನೋಡೋಣ. ಅದು ಪೂರ್ತಿ ಸುಳ್ಳಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುವವರ ಹಾಸಿಗೆ ಸಾಮಾನ್ಯವಾಗಿ ಉದ್ದವಾಗಿಯೇ ಇರುತ್ತದೆ. ಇದು ಹಳಬರಿಗೂ ಗೊತ್ತಿತ್ತು. 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ 'ಕ್ಯಾಂಟರ್‌ಬರಿ ಟೇಲ್ಸ್‌'ನಲ್ಲಿ ಪಾಪಪರಿಹಾರದ ಪತ್ರ ಮಾರುವ ಒಬ್ಬ ಧರ್ಮಬೋಧಕ ಬರುತ್ತಾನೆ. ಅವನ ಉಪದೇಶವೆಲ್ಲ ದುರಾಸೆಯ ವಿರುದ್ಧವೇ. ಯಾಕೆ ಹಾಗೆ ಉಪದೇಶ ಮಾಡುತ್ತೇನೆ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾನೆ: ಜನ ಹೆದರಿ ತನಗೆ ದುಡ್ಡು ಕೊಡಲಿ ಅಂತ. ಆಮೇಲೆ ಅವನು ಹೇಳುವ ಕತೆ ಮಾತ್ರ ಅದ್ಭುತ. ಮೂವರು ಪುಂಡರಿಗೆ ಒಂದು ಮರದಡಿ ಚಿನ್ನದ ರಾಶಿ ಸಿಗುತ್ತದೆ. ಕಿರಿಯವನು ಊಟ ತರಲು ಪೇಟೆಗೆ ಹೋದಾಗ ಉಳಿದಿಬ್ಬರು ಅವನನ್ನು ಮುಗಿಸುವ ಸಂಚು ಮಾಡುತ್ತಾರೆ. ಅವನೋ ವೈನಿಗೆ ವಿಷ ಬೆರೆಸಿ ತರುತ್ತಾನೆ. ಮೂವರೂ ಸಾಯುತ್ತಾರೆ. ಇದೇ ಹಂದರದ ಕತೆ ಬೌದ್ಧ ಜಾತಕಗಳಲ್ಲೂ ಇದೆ. ಕತೆ ಮುಗಿದದ್ದೇ ತಡ, ಈ ಬೋಧಕ ಜೊತೆಯ ಯಾತ್ರಿಕರ ಮುಂದೆ ತನ್ನ ನಕಲಿ ಪವಿತ್ರ ವಸ್ತುಗಳನ್ನು ಹರವಿ ದುಡ್ಡು ಕೇಳುತ್ತಾನೆ! ಉಪದೇಶ ಮಾಡುವವನ ಜೇಬನ್ನೂ ನೋಡು ಅಂತ ಚಾಸರ್ ಆಗಲೇ ಹೇಳಿದ್ದ. ನಿಮ್ಮ ಗೆಳೆಯರು ಹೊಸದೇನೂ ಹೇಳುತ್ತಿಲ್ಲ.

ಆದರೆ ಸಾಕು ಅನ್ನುವವರೆಲ್ಲ ಉಳ್ಳವರೇ ಅನ್ನುವುದು ತಪ್ಪು. ನಮ್ಮ 12ನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿಕೊಳ್ಳಿ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದರೆ ಅವತ್ತಿನ ದಾಸೋಹ ನಡೆಯಬೇಕು. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಆಯ್ದು ತರುತ್ತಾನೆ. ಅವಳು ಕೇಳುತ್ತಾಳೆ: "ಈಸಕ್ಕಿಯಾಸೆ ನಿಮಗೇಕೆ?" ಹೇಳುವವಳೂ ಬಡವಿ, ಹೇಳಿಸಿಕೊಂಡವನೂ ಬಡವ. ನಡುವೆ ಇರುವುದು ಒಂದೆರಡು ಹಿಡಿ ಅಕ್ಕಿ. ಹಸಿದವರು ಉಣ್ಣಬಾರದು ಅಂತ ಅವಳು ಹೇಳುತ್ತಿಲ್ಲ. ಆಸೆ ಅನ್ನುವುದು ಅರಸರಿಗೆ ಇರುವಂಥದ್ದು, ನಮಗ್ಯಾಕೆ ಅನ್ನುತ್ತಿದ್ದಾಳೆ. ಇಲ್ಲಿ ಯಾವ ಸಾಹುಕಾರನಿಗೂ ಲಾಭವಿಲ್ಲ.

ಇನ್ನು ಪಾಹೋಮ್. 1886ರಲ್ಲಿ ಬಂದ ಈ ಕತೆಯನ್ನು ಬಹಳ ಜನ ಕೊನೆಯ ದೃಶ್ಯದಿಂದ ಮಾತ್ರ ನೆನಪಿಟ್ಟುಕೊಂಡಿರುತ್ತಾರೆ. ಸೂರ್ಯ ಮುಳುಗುವುದರೊಳಗೆ ಎಷ್ಟು ನಡೆದರೆ ಅಷ್ಟು ನೆಲ, ಓಡಿ ಓಡಿ ಸತ್ತ, ಆರಡಿ ಗುಂಡಿ ಸಾಕಾಯಿತು. ಶಾಲೆಯಲ್ಲಿ ಪಾಠವಾಗುವುದೂ ಬಹುತೇಕ ಅಷ್ಟೇ. ಹಾಗೆ ಓದಿದರೆ ಆಸೆಪಟ್ಟವನು ಸತ್ತ ಅನ್ನುವ ಸಾಲು ಮಾತ್ರ ಉಳಿಯುತ್ತದೆ. ನಿಮ್ಮ ಮಗಳಿಗೆ ಸಿಕ್ಕಿದ್ದೂ ಅದೇ ಇರಬೇಕು.

ಕತೆಯ ಮೊದಲರ್ಧ ಇನ್ನೊಮ್ಮೆ ಓದಿ. ಪಾಹೋಮನಿಗೆ ನೆಲ ಬೇಕು ಅನ್ನಿಸುವುದಕ್ಕೆ ನ್ಯಾಯವಾದ ಕಾರಣವೇ ಇದೆ. ಪಕ್ಕದ ಜಮೀನಿನ ಒಡತಿ ಹೊಸ ಮೇಲ್ವಿಚಾರಕನನ್ನು ಇಟ್ಟಿದ್ದಾಳೆ. ಪಾಹೋಮನ ಕುದುರೆಯೋ ಹಸುವೋ ಅವಳ ಹೊಲಕ್ಕೆ ಕಾಲಿಟ್ಟರೆ ದಂಡ. ದಂಡ ಕಟ್ಟಿ ಕಟ್ಟಿ ಸಾಕಾಗಿ ಮನೆಗೆ ಬಂದು ಮನೆಯವರ ಮೇಲೆ ರೇಗುತ್ತಾನೆ. ಆ ಒಡತಿ ಜಮೀನು ಮಾರುತ್ತಾಳೆ ಅಂದಾಗ ಅವನಿಗೆ ಆಸೆಯಾಗುತ್ತದೆ. ಯಾರಿಗೆ ಆಗುವುದಿಲ್ಲ? ಕೂಡಿಟ್ಟ 100 ರೂಬಲ್ ಇದೆ. ಒಂದು ಮರಿಗುದುರೆ ಮಾರುತ್ತಾನೆ, ಸಾಕಿದ್ದ ಜೇನಿನಲ್ಲಿ ಅರ್ಧ ಮಾರುತ್ತಾನೆ, ಒಬ್ಬ ಮಗನನ್ನು ಕೂಲಿಗೆ ಬಿಟ್ಟು ಅವನ ಸಂಬಳ ಮುಂಗಡ ತರುತ್ತಾನೆ, ಉಳಿದದ್ದು ನೆಂಟರ ಹತ್ತಿರ ಸಾಲ. ಫಸಲು ಚೆನ್ನಾಗಿ ಬಂದು ವರ್ಷದೊಳಗೆ ಸಾಲ ತೀರುತ್ತದೆ. ತನ್ನದೇ ಹೊಲ, ತನ್ನದೇ ಹುಲ್ಲುಗಾವಲು ನೋಡುತ್ತ ಅವನು ಖುಷಿಪಡುವುದನ್ನು ಟಾಲ್‌ಸ್ಟಾಯ್ ಗೇಲಿ ಮಾಡುವುದಿಲ್ಲ. ಆ ಖುಷಿ ಓದುವವರಿಗೂ ದಾಟುತ್ತದೆ.

ತಿರುವು ಆಮೇಲೆ. ಅಕ್ಕಪಕ್ಕದ ರೈತರ ದನ ಅವನ ಹೊಲಕ್ಕೆ ಬರತೊಡಗುತ್ತವೆ. ಬೇಕೆಂದು ಬಿಟ್ಟದ್ದಲ್ಲ, ಅವರಿಗೆ ಜಾಗ ಸಾಲದು, ಅಷ್ಟೇ. ಅದು ಅವನಿಗೂ ಗೊತ್ತು. ಎಷ್ಟೋ ಸಲ ಸುಮ್ಮನಿರುತ್ತಾನೆ. ಕೊನೆಗೆ ಹೀಗೇ ಬಿಟ್ಟರೆ ಇರುವುದೆಲ್ಲ ಹಾಳು, ಒಂದು ಬುದ್ಧಿ ಕಲಿಸಬೇಕು ಅಂತ ಕೋರ್ಟಿಗೆ ಹೋಗಿ ಒಬ್ಬನಿಗೆ, ಆಮೇಲೆ ಇನ್ನೊಬ್ಬನಿಗೆ ದಂಡ ಹಾಕಿಸುತ್ತಾನೆ. ಯಾರೋ ರಾತ್ರಿ ಅವನ ಮರ ಕಡಿಯುತ್ತಾರೆ. ಸೈಮನ್ ಅನ್ನುವವನ ಮೇಲೆ ಗುಮಾನಿ. ಸಾಕ್ಷಿ ಇಲ್ಲದೆ ಅವನು ಬಿಡುಗಡೆಯಾದಾಗ ಪಾಹೋಮ್ ನ್ಯಾಯ ಹೇಳುವವರ ಮೇಲೂ ಜಗಳಕ್ಕೆ ಬೀಳುತ್ತಾನೆ. ಇಷ್ಟಾದ ಮೇಲೆ ಲೇಖಕ ತಣ್ಣಗೆ ಒಂದು ಮಾತು ಸೇರಿಸುತ್ತಾನೆ: ಪಾಹೋಮನ ನೆಲ ದೊಡ್ಡದಾಯಿತು, ಆದರೆ ಊರಿನಲ್ಲಿ ಅವನ ಜಾಗ ಮೊದಲಿಗಿಂತ ಕಿರಿದಾಯಿತು.

ದಂಡ ಕಟ್ಟಿ ನೊಂದವನೇ ದಂಡ ಹಾಕಿಸುವವನಾದ. ನನ್ನ ಓದಿನಲ್ಲಿ ಪಾಹೋಮ್ ಕೆಟ್ಟದ್ದು ಇಲ್ಲಿ. ಕೊನೆಯ ಓಟ ಇದರ ಮುಂದುವರಿಕೆ ಮಾತ್ರ. ತರಗತಿಯಲ್ಲಿ ನಾನು ಯಾವಾಗಲೂ "ಇವನು ಎಲ್ಲಿ ನಿಲ್ಲಬೇಕಿತ್ತು?" ಅಂತ ಕೇಳುತ್ತೇನೆ. ಇನ್ನೂ ಹೆಚ್ಚು ನೆಲ ಹುಡುಕಿ ವೋಲ್ಗಾ ನದಿ ದಾಟುವ ಮೊದಲು ಅಂತ ಕೆಲವರು, ನಡೆದಷ್ಟು ನೆಲ ಕೊಡುವ ಬಷ್ಕೀರ್ ಜನರ ಸೀಮೆಗೆ ಹೋಗುವ ಮೊದಲು ಅಂತ ಕೆಲವರು. ಆ ಮೊದಲ ಹೊಲವನ್ನೇ ಕೊಳ್ಳಬಾರದಿತ್ತು ಅಂದವರನ್ನು ನಾನು ಕಂಡಿಲ್ಲ.

ಕೊನೆಯ ದಿನದ ಒಂದು ಸಣ್ಣ ಸಂಗತಿಯನ್ನೂ ಗಮನಿಸಿ. ಇನ್ನೇನು ತಿರುಗಬೇಕು, ಅಷ್ಟರಲ್ಲಿ ತೇವ ಇರುವ ಒಂದು ತಗ್ಗು ಕಾಣುತ್ತದೆ. ಅಲ್ಲಿ ಅಗಸೆ ಚೆನ್ನಾಗಿ ಬರುತ್ತದೆ, ಬಿಡುವುದು ಯಾಕೆ ಅಂತ ಅದನ್ನೂ ಸುತ್ತು ಹಾಕುತ್ತಾನೆ. ಪಾಹೋಮನಿಗೆ ಇಡೀ ಭೂಮಿ ಬೇಕು ಅಂತ ಎಂದೂ ಅನ್ನಿಸಿರಲಿಲ್ಲ. ಬೇಕಾಗಿದ್ದು ಇದೊಂದು ತಗ್ಗು. ಅದರಾಚೆ ಇನ್ನೊಂದು. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೂಡಿಸಿ ನೋಡುವವರು ಇಲ್ಲ ಅಷ್ಟೇ.

ಹಾಗಾದರೆ ದೊಡ್ಡ ಆಸೆಯೇ ದುರಾಸೆ, ಸಣ್ಣದು ಪರವಾಗಿಲ್ಲ ಅನ್ನೋಣವೇ? ಅದೂ ಇಲ್ಲ. ರಷ್ಯದವನೇ ಆದ ಚೆಕಾವ್ 1898ರಲ್ಲಿ 'ಗೂಸ್‌ಬೆರಿ' ಅನ್ನುವ ಕತೆ ಬರೆದ. ಅದರೊಳಗೆ ಟಾಲ್‌ಸ್ಟಾಯ್‌ಗೆ ನೇರ ಉತ್ತರವೇ ಇದೆ: ಮೂರು ಮೊಳ ನೆಲ ಸಾಕಾಗುವುದು ಹೆಣಕ್ಕೆ, ಮನುಷ್ಯನಿಗೆ ಇಡೀ ಭೂಮಿ ಬೇಕು ಅಂತ ಅಲ್ಲಿನ ಪಾತ್ರವೊಂದು ಹೇಳುತ್ತದೆ. ನಿಮ್ಮ ಗೆಳೆಯರಿಗೆ ಈ ಮಾತು ಇಷ್ಟವಾಗುತ್ತದೆ. ಆದರೆ ಕತೆಯಲ್ಲಿ ನಡೆಯುವುದೇನು? ನಿಕೊಲಾಯ್ ಅನ್ನುವ ಗುಮಾಸ್ತನಿಗೆ ಇರುವುದು ಬಹಳ ಸಣ್ಣ ಕನಸು. ಹಳ್ಳಿಯಲ್ಲಿ ಒಂದು ಮನೆ, ಅಂಗಳದಲ್ಲಿ ಗೂಸ್‌ಬೆರಿ ಅನ್ನುವ ಹಣ್ಣಿನ ಗಿಡ. ಅದಕ್ಕಾಗಿ ಅರೆಹೊಟ್ಟೆ ಉಂಡು, ಹರಕು ಬಟ್ಟೆ ಉಟ್ಟು ಉಳಿಸುತ್ತಾನೆ. ಬರೀ ದುಡ್ಡಿಗಾಗಿ ವಯಸ್ಸಾದ ವಿಧವೆಯೊಬ್ಬಳನ್ನು ಮದುವೆಯಾಗಿ, ಅವಳ ಹಣ ತನ್ನ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿ, ಅವಳನ್ನೂ ಅರೆಹೊಟ್ಟೆಯಲ್ಲಿ ಇಡುತ್ತಾನೆ. ಮೂರು ವರ್ಷದಲ್ಲಿ ಅವಳು ಸಾಯುತ್ತಾಳೆ. ತಾನು ತಪ್ಪು ಮಾಡಿದೆ ಅಂತ ಅವನಿಗೆ ಒಂದು ಕ್ಷಣವೂ ಹೊಳೆಯುವುದಿಲ್ಲ. ಕೊನೆಗೆ ಹಣ್ಣು ಸಿಗುತ್ತದೆ. ಹುಳಿ, ಗಟ್ಟಿ. ಅವನು ಮಾತ್ರ ಆಹಾ ಅಂತ ತಿನ್ನುತ್ತಾನೆ.

ನನಗೆ ಇಲ್ಲಿ ಕಾಣುವುದು ಇಷ್ಟು: ಈ ಕತೆಗಳು ಆಸೆಯನ್ನು ಅಳೆಯುವುದು ಅದರ ಗಾತ್ರದಿಂದ ಅಲ್ಲ. ಆ ಆಸೆಯ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ, ಹತ್ತಿರದ ಜನ ನಮ್ಮ ಕಣ್ಣಿಗೆ ಈಗ ಹೇಗೆ ಕಾಣುತ್ತಿದ್ದಾರೆ, ಯಾತಕ್ಕಾಗಿ ಬೇಕಿತ್ತು ಅನ್ನುವುದು ಇನ್ನೂ ನೆನಪಿದೆಯೇ? ಅಳತೆಗೋಲು ಇವೇ. ನಿಕೊಲಾಯನ ಕನಸಿಗೆ ಹೆಂಡತಿ ಬೆಲೆ ತೆತ್ತಳು. ಪಾಹೋಮನ ಮೊದಲ ಹೊಲಕ್ಕೂ ಒಬ್ಬ ಮಗ ಕೂಲಿಗೆ ಹೋದ. ಕತೆಯಲ್ಲಿ ಅದು ಅರ್ಧ ಸಾಲು, ಬೇಗ ಓದಿದರೆ ತಪ್ಪಿಹೋಗುತ್ತದೆ.

ಕೆಲವು ತಪ್ಪು ನಂಬಿಕೆಗಳನ್ನೂ ತೆಗೆದುಬಿಡೋಣ. ದುರಾಸೆಯವರಿಗೆಲ್ಲ ಹಳೆಯ ಕತೆಗಳಲ್ಲಿ ಶಿಕ್ಷೆ ಆಗಿಯೇ ಆಗುತ್ತದೆ ಅಂದುಕೊಂಡಿದ್ದೇವೆ. ಇಲ್ಲ. ಫ್ರೆಂಚ್ ನಾಟಕಕಾರ ಮೊಲಿಯೇರ್‌ನ 'ಜಿಪುಣ' ನಾಟಕದಲ್ಲಿ (1668) ಜಿಪುಣ ಹಾರ್ಪಗಾನ್‌ಗೆ ಕಳೆದುಹೋದ ಹಣದ ಪೆಟ್ಟಿಗೆ ವಾಪಸ್ ಸಿಗುತ್ತದೆ, ಮಕ್ಕಳ ಮದುವೆಗೆ ತನಗೊಂದು ಹೊಸ ಬಟ್ಟೆಯನ್ನೂ ಬೀಗರ ಖರ್ಚಿನಲ್ಲೇ ಹೊಲಿಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳುತ್ತಾನೆ. ಬಾಲ್ಜಾಕ್ 1833ರಲ್ಲಿ ಬರೆದ 'ಯೂಜೆನಿ ಗ್ರಾಂದೆ' ಕಾದಂಬರಿಯ ಜಿಪುಣ ಮುದುಕ ಗ್ರಾಂದೆ ಕೋಟ್ಯಧೀಶನಾಗಿಯೇ ಸಾಯುತ್ತಾನೆ. ಕೊನೆಯುಸಿರಿನ ಹೊತ್ತಿನಲ್ಲಿ ಪಾದ್ರಿ ಮುತ್ತಿಡಲು ಹಿಡಿದ ಚಿನ್ನದ ಬಣ್ಣದ ಶಿಲುಬೆಯನ್ನೇ ಕಿತ್ತುಕೊಳ್ಳಲು ಕೈ ಚಾಚುತ್ತಾನೆ. ಮಗಳಿಗೆ ಹೇಳುವ ಕಡೆಯ ಮಾತು, ಎಲ್ಲ ಜೋಪಾನವಾಗಿ ನೋಡಿಕೋ, ಆ ಲೋಕದಲ್ಲಿ ನನಗೆ ಲೆಕ್ಕ ಒಪ್ಪಿಸು ಅಂತ. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸ್ ರಾಜನಿಗೂ ಅಂಥ ಶಿಕ್ಷೆಯೇನಿಲ್ಲ. ರೋಮನ್ ಕವಿ ಓವಿಡ್ ಹೇಳುವ ಹಳೆಯ ಕತೆಯಲ್ಲಿ ಅವನು ತಪ್ಪೊಪ್ಪಿಕೊಂಡು ನದಿಯಲ್ಲಿ ಮಿಂದು ಪಾರಾಗುತ್ತಾನೆ. ಮಗಳು ಚಿನ್ನದ ಗೊಂಬೆಯಾದಳು ಅಂತ ನಾವೆಲ್ಲ ಕೇಳಿದ ಭಾಗ ಅಲ್ಲಿ ಇಲ್ಲವೇ ಇಲ್ಲ. ಅದನ್ನು ಸೇರಿಸಿದ್ದು 19ನೇ ಶತಮಾನದ ಅಮೆರಿಕನ್ ಲೇಖಕ ಹಾಥಾರ್ನ್. ಇನ್ನು ಜಿಪುಣರು ಮಾತ್ರ ದುರಾಸೆಯವರು ಅನ್ನುವುದು. ಇಟಲಿಯ ಕವಿ ಡಾಂಟೆ ಬಣ್ಣಿಸುವ ನರಕದಲ್ಲಿ ಕೂಡಿಟ್ಟವರೂ ದುಂದು ಮಾಡಿದವರೂ ಒಂದೇ ವೃತ್ತದಲ್ಲಿ ಎದುರುಬದುರಾಗಿ ಭಾರದ ಬಂಡೆ ಉರುಳಿಸುತ್ತಾರೆ. ಸಾಲ ಮಾಡಿ ಮೆರೆಯುವವರು ಹಾರ್ಪಗಾನನನ್ನು ನೋಡಿ ನಗುವ ಮೊದಲು ಇದನ್ನು ಓದಬೇಕು.

ಈಗ ಕಾರಣಗಳು. ಇಲ್ಲಿ ಹಳಬರು ನಿಜಕ್ಕೂ ಚುರುಕು.

ಅರಿಸ್ಟಾಟಲ್ ಗಳಿಕೆಯನ್ನು ಎರಡಾಗಿ ನೋಡುತ್ತಾನೆ. ಮನೆ ನಡೆಸಲು ಬೇಕಾದ ಗಳಿಕೆಗೆ ಒಂದು ಮಿತಿ ತಾನಾಗಿಯೇ ಇದೆ, ಯಾಕೆಂದರೆ ಮನೆಗೆ ಬೇಕಾದದ್ದಕ್ಕೇ ಮಿತಿ ಇದೆ. ಹಣಕ್ಕಾಗಿ ಹಣ ಗಳಿಸುವುದಕ್ಕೆ ಆ ಮಿತಿ ಇಲ್ಲ. ಮೈಡಾಸನ ಉದಾಹರಣೆಯನ್ನು ಅವನೂ ಕೊಡುತ್ತಾನೆ: ರಾಶಿ ಹಣದ ನಡುವೆ ಹಸಿವಿನಿಂದ ಸಾಯಬಹುದು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡನೇ ಮನೆಯ ಮೇಲೆ ಅಲ್ಲ, "ಈಗ ಅದರ ಎರಡರಷ್ಟಾಗಲಿ" ಅನ್ನುವ ಸಾಲಿನ ಮೇಲೆ. ಮೊದಲ ಮೊತ್ತ ಯಾತಕ್ಕೆ ಅಂತ ನಿಮಗೆ ಗೊತ್ತಿತ್ತು ಅಂತ ಕಾಣುತ್ತದೆ. ಎರಡನೆಯದಕ್ಕೆ ಕಾರಣವನ್ನೇ ನೀವು ಬರೆದಿಲ್ಲ.

ಇನ್ನೊಂದು ಕಾರಣ ಭಯ. ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್' (1843) ಕತೆಯ ಸ್ಕ್ರೂಜ್ ಅಂದರೆ ಕಲ್ಲೆದೆಯ ಜಿಪುಣ ಅಂತ ಎಲ್ಲರಿಗೂ ಗೊತ್ತು. ಯೌವನದಲ್ಲಿ ಅವನನ್ನು ಮದುವೆಯಾಗಬೇಕಿದ್ದ ಬೆಲ್ ಸಂಬಂಧ ಮುರಿಯುವಾಗ ಹೇಳುವ ಮಾತು ಬೇರೆ: ನಿನಗೆ ಲೋಕದ ಭಯ ಜಾಸ್ತಿ. ನೀನು ದುಷ್ಟ ಅನ್ನುವುದಿಲ್ಲ, ಹೆದರುಪುಕ್ಕ ಅನ್ನುತ್ತಾಳೆ. ಡಿಕನ್ಸ್‌ಗೆ ಈ ಭಯ ಚೆನ್ನಾಗಿ ಗೊತ್ತಿತ್ತು. 1824ರಲ್ಲಿ ಅಪ್ಪ ಸಾಲ ತೀರಿಸಲಾಗದೆ ಜೈಲಿಗೆ ಹೋದಾಗ, 12 ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ. ಪಿಂಚಣಿಯಿಲ್ಲ, ಬೆಲೆ ಏರುತ್ತಿದೆ ಅಂತ ನೀವು ಬರೆದದ್ದು ಸುಳ್ಳು ಭಯವಲ್ಲ. ಅದಕ್ಕೆ ತಯಾರಿ ಬೇಕೇ ಬೇಕು. ತೊಡಕು ಏನೆಂದರೆ ಭಯ ಯಾವ ಮೊತ್ತಕ್ಕೂ ಸಾಕು ಅನ್ನುವುದಿಲ್ಲ. ಪಾಹೋಮನ ಬಾಯಲ್ಲಿ ಬರುವ ಮೊದಲ ಮಾತೂ ಅದೇ ಧಾಟಿಯದು: ನೆಲ ಸಾಕಷ್ಟಿದ್ದರೆ ಸೈತಾನನಿಗೂ ಹೆದರೆ! ಒಲೆಯ ಹಿಂದೆ ಕೂತ ಸೈತಾನ ಅದನ್ನು ಕೇಳಿಸಿಕೊಳ್ಳುತ್ತಾನೆ.

ಮೂರನೆಯದು ಪಕ್ಕದವರನ್ನು ನೋಡಿ ಹುಟ್ಟುವ ಆಸೆ. ಇದನ್ನು ಮಹಾಭಾರತದ ಸಭಾಪರ್ವದಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಕೃತಿ ನಾನು ಓದಿಲ್ಲ. ರಾಜಸೂಯ ಮುಗಿಸಿ ಬಂದ ದುರ್ಯೋಧನ ಬಿಳಿಚಿ ಸೊರಗಿದ್ದಾನೆ. ಅಪ್ಪ ಧೃತರಾಷ್ಟ್ರ ಕೇಳುತ್ತಾನೆ: ಒಳ್ಳೆಯ ಬಟ್ಟೆ ಉಡುತ್ತೀಯ, ಮೃಷ್ಟಾನ್ನ ಉಣ್ಣುತ್ತೀಯ, ಜಾತಿಯ ಕುದುರೆ ಏರುತ್ತೀಯ, ನಿನಗೇನು ಕಡಿಮೆ? ಏನೂ ಕಡಿಮೆ ಇಲ್ಲ. ಆದರೆ ರಾಜಸೂಯದಲ್ಲಿ ಧರ್ಮರಾಯ ಇವನಿಗೆ ಕೊಟ್ಟ ಕೆಲಸ ಕಾಣಿಕೆ ಸ್ವೀಕರಿಸುವುದು. ಬಂದ ರತ್ನಗಳನ್ನು ತೆಗೆದುಕೊಂಡು ತೆಗೆದುಕೊಂಡು ತನ್ನ ಕೈಯೇ ಸೋತುಹೋಯಿತು ಅನ್ನುತ್ತಾನೆ. ದಿನವಿಡೀ ಬೇರೆಯವರ ಸಂಪತ್ತು ಕಣ್ಣಮುಂದೆ ಹಾದುಹೋದರೆ ಮನುಷ್ಯ ಏನಾಗುತ್ತಾನೆ! ನಮ್ಮ ಕೈಯಲ್ಲಿರುವ ಮೊಬೈಲು ಅದೇ ಕೆಲಸವನ್ನು ನಮಗೆ ಪುಕ್ಕಟೆ ಕೊಟ್ಟಿದೆ. ಅವನು ಅಪ್ಪನಿಗೆ ಕೊಡುವ ಸಮರ್ಥನೆ ಇನ್ನೂ ಸ್ವಾರಸ್ಯ: "ಅಸಂತೋಷಃ ಶ್ರಿಯೋ ಮೂಲಂ." ಅತೃಪ್ತಿಯೇ ಸಂಪತ್ತಿನ ಬೇರು, ಅದಕ್ಕೇ ನನಗೆ ಅದು ಬೇಕು. ಇವತ್ತು ಉತ್ಸಾಹ ತುಂಬುವ ಭಾಷಣಗಳಲ್ಲಿ ಕೇಳುವುದು ಇದನ್ನೇ. ನಿಮ್ಮ ಗೆಳೆಯರು ಹೇಳಿದ್ದೂ ಇದನ್ನೇ. ಮಹಾಭಾರತ ಈ ವಾದವನ್ನು ಬಚ್ಚಿಡದೆ, ಬಲವಾಗಿಯೇ ಹೇಳಿಸುತ್ತದೆ. ಆಮೇಲೆ ಅದು ಸೂಜಿಮೊನೆಯಷ್ಟು ನೆಲವನ್ನೂ ಕೊಡೆ ಅನ್ನುವಲ್ಲಿಗೆ ಮುಟ್ಟುವುದನ್ನು ತೋರಿಸುತ್ತದೆ.

ಈ ಕಾಲಕ್ಕೆ ಹೊಂದುತ್ತವೆಯೇ ಅಂತ ಕೇಳಿದ್ದೀರಿ. ಹೊಂದುತ್ತವೆ, ಕೆಲವು ಕಡೆ ಬೆಚ್ಚಿಬೀಳುವಷ್ಟು. ಪಂಚತಂತ್ರದ ಐದನೇ ಭಾಗದಲ್ಲಿ ನಾಲ್ವರು ಬಡ ಗೆಳೆಯರಿಗೆ ಒಬ್ಬ ಯೋಗಿ ನಾಲ್ಕು ಮಂತ್ರದ ಬತ್ತಿ ಕೊಡುತ್ತಾನೆ. ಬತ್ತಿ ಬಿದ್ದಲ್ಲಿ ಅಗೆದರೆ ನಿಧಿ. ಮೊದಲನೆಯವನಿಗೆ ತಾಮ್ರ. ಅವನು ಅಷ್ಟು ಕಟ್ಟಿಕೊಂಡು ಮನೆಗೆ ಹೊರಡುತ್ತಾನೆ, ಉಳಿದವರು ಅವನನ್ನು ಪೆದ್ದ ಅನ್ನುತ್ತಾರೆ. ಎರಡನೆಯವನಿಗೆ ಬೆಳ್ಳಿ, ಅವನೂ ಹೋದ. ಮೂರನೆಯವನಿಗೆ ಚಿನ್ನ. ನಾಲ್ಕನೆಯವನ ತರ್ಕ ಕೇಳಿ: ತಾಮ್ರ ಆಯಿತು, ಬೆಳ್ಳಿ ಆಯಿತು, ಚಿನ್ನ ಆಯಿತು, ಅಂದಮೇಲೆ ಮುಂದೆ ರತ್ನವೇ. ಏರುತ್ತಿರುವ ಷೇರಿನ ಗೆರೆ ನೋಡಿ ನಾವು ಮಾಡುವ ತರ್ಕವೂ ಇದೇ ಅಲ್ವಾ? ಅವನು ಮುಂದೆ ಹೋಗುತ್ತಾನೆ. ಅಲ್ಲೊಬ್ಬನ ತಲೆಯ ಮೇಲೆ ಚಕ್ರವೊಂದು ತಿರುಗುತ್ತಿದೆ, ಮೈಯೆಲ್ಲ ರಕ್ತ. ಏನಿದು ಅಂತ ಕೇಳಿದ್ದೇ ತಡ, ಚಕ್ರ ಇವನ ತಲೆಗೆ ಬಂದು ಕೂರುತ್ತದೆ. ಇನ್ನು ಬಿಡುಗಡೆ ಯಾವಾಗ? ಇನ್ನೊಬ್ಬ ಇದೇ ಥರ ಬತ್ತಿ ಹಿಡಿದು ಬಂದು ಮಾತನಾಡಿಸಿದಾಗ. ಹಿಂದಿನವನು ರಾಮನ ಕಾಲದಿಂದ ಕಾಯುತ್ತಿದ್ದನಂತೆ.

ಸರಪಳಿ ಯೋಜನೆಗಳು ನಡೆಯುವುದು ಹೀಗೆಯೇ. ಒಳಗೆ ಹೋದವನು ಹೊರಗೆ ಬರಬೇಕಾದರೆ ಹೊಸಬನೊಬ್ಬ ಆಸೆ ಹೊತ್ತು ಬರಬೇಕು. ಬೆಲೆ ವಿಪರೀತ ಏರಿದ ಆಸ್ತಿಯೂ ಅಷ್ಟೇ, ನಮ್ಮ ತಲೆಯ ಚಕ್ರ ಇಳಿಯುವುದು ನಮಗಿಂತ ಜಾಸ್ತಿ ಕೊಡುವವನು ಸಿಕ್ಕಾಗ. ಈ ಕತೆಯಲ್ಲಿ ಬಚಾವಾದವರು ಸನ್ಯಾಸಿಗಳಲ್ಲ ಅನ್ನುವುದನ್ನೂ ಗಮನಿಸಿ. ಅವರೂ ದುಡ್ಡು ಹುಡುಕಿಯೇ ಹೊರಟವರು. ಸಿಕ್ಕಿದ್ದನ್ನು ಹೊತ್ತು ಮನೆಗೆ ಹೋದರು.

ಮೊಲಿಯೇರ್‌ನ ನಾಟಕದ ಎರಡನೇ ಅಂಕದಲ್ಲಿ ಹಾರ್ಪಗಾನನ ಮಗ ಸಾಲ ಕೊಡುವ ಒಬ್ಬ ಅಜ್ಞಾತನಿಂದ ಹಣ ತರಲು ಹೊರಡುತ್ತಾನೆ. ಷರತ್ತಿನ ಕಾಗದ ಓದುತ್ತಾರೆ. ಮನಸ್ಸಾಕ್ಷಿಗೆ ಭಾರವಾಗದಿರಲಿ ಅಂತ ಬಡ್ಡಿ ಬರೀ ಐದೂವರೆ ಪರ್ಸೆಂಟು! ಆದರೆ ಕೊಡುವವನ ಕೈಯಲ್ಲಿ ಹಣ ಇಲ್ಲ, ಅವನು ಬೇರೆಯವರಿಂದ 20 ಪರ್ಸೆಂಟಿಗೆ ತರುವುದರಿಂದ ಅದನ್ನೂ ನೀವೇ ಕಟ್ಟಬೇಕು. ಕೇಳಿದ್ದು 15,000. ಕೈಗೆ ಬರುವುದು 12,000. ಉಳಿದ 3,000ಕ್ಕೆ ಹಳೆಯ ಮಂಚ, ಮುರುಕು ಸಾಮಾನು, ಹುಲ್ಲು ತುಂಬಿದ ಮೂರೂವರೆ ಅಡಿಯ ಹಲ್ಲಿಯ ಚರ್ಮ. ಕೊನೆಗೆ ಎದುರು ಬಂದು ನಿಲ್ಲುವ, ಸಾಲ ಕೊಡುವ ಆಸಾಮಿ ಯಾರು ಅಂದರೆ ಸ್ವಂತ ಅಪ್ಪ. ಬಡ್ಡಿ ಕಮ್ಮಿ ಅಂತ ಹೇಳಿ, ಶುಲ್ಕ ಮುರಿದುಕೊಂಡು, ಬೇಡದ ವಿಮೆಯನ್ನೂ ಗಂಟುಹಾಕುವ ಸಾಲಗಳನ್ನು ನೋಡಿದಾಗಲೆಲ್ಲ ನನಗೆ ಆ ಹಲ್ಲಿ ನೆನಪಾಗುತ್ತದೆ. ಸಾಲದ ಕಾಗದ ನಿಮ್ಮ ಮೇಜಿನ ಮೇಲೇ ಇದೆಯಲ್ಲ, ಅದರಲ್ಲಿ ಹಲ್ಲಿ ಎಲ್ಲಿದೆ ಅಂತ ಮೊದಲು ಹುಡುಕಿ. ಕೈಗೆ ಬರುವುದೆಷ್ಟು, ಕಟ್ಟುವುದೆಷ್ಟು ಅಂತ ಬರೆದುಕೊಳ್ಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಸಹಿ ಹಾಕದೆ ಬಿಟ್ಟುಬಿಡಬಹುದು. ಆದರೆ ಮಗಳ ಮುಂದೆ ನಾಚಿಕೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಬಿಟ್ಟರೆ ಆ ಆಸೆ ಅಲ್ಲಿಗೆ ಮುಗಿಯುವುದಿಲ್ಲ. ನಾಳೆ ಆ ಬಡಾವಣೆಯಲ್ಲಿ ಬೆಲೆ ಏರಿತು ಅಂದಾಗ "ನಿನ್ನ ಮಾತು ಕೇಳಿ ಹೀಗಾಯಿತು" ಅಂತ ಅವಳ ಮೇಲೆ ತಿರುಗುವ ಅಪಾಯ ಇದೆ. ಕತೆ ಓದಿ ಹೆದರಿ ತೆಗೆದುಕೊಂಡ ತೀರ್ಮಾನ, ಪೇಪರ್ ಓದಿ ಹೆದರಿ ತೆಗೆದುಕೊಂಡ ತೀರ್ಮಾನಕ್ಕಿಂತ ಒಳ್ಳೆಯದೇನಲ್ಲ.

ಮುಂದೆ ಹಾಕಬಹುದು. ಅದಕ್ಕೂ ನಷ್ಟ ಇದ್ದೇ ಇದೆ, ಬೆಲೆ ಏರಬಹುದು. ಆದರೂ ಕೆಲವು ತಿಂಗಳ ಬಿಡುವು ಒಂದು ವಿಷಯ ತಿಳಿಸುತ್ತದೆ: ಆ ಮನೆ ಬೇಕು ಅನ್ನಿಸುವುದು ಉಳಿಯುತ್ತದೆಯೋ, ಬೇರೆಯವರು ಕೊಂಡರು ಅನ್ನುವ ಸುದ್ದಿಯ ಜೊತೆಗೆ ಬಂದು ಹೋಗುತ್ತದೆಯೋ.

ಕೊಳ್ಳಲೂಬಹುದು. ಮೊದಲ ಹೊಲ ಕೊಂಡ ಪಾಹೋಮನನ್ನು ನಾನು ತಪ್ಪು ಅನ್ನುವುದಿಲ್ಲ, ನಿಮ್ಮನ್ನೂ ಅನ್ನುವುದಿಲ್ಲ. ಟಾಲ್‌ಸ್ಟಾಯ್ ಕೂಡ 1870ರ ದಶಕದಲ್ಲಿ ಬಷ್ಕೀರರ ಸೀಮೆಯ ಸಮಾರಾ ಪ್ರಾಂತ್ಯದಲ್ಲಿ ಜಮೀನು ಕೊಂಡಿದ್ದವನೇ. ಆದರೆ ಕೊಳ್ಳುವ ಮೊದಲು ಅದು ಯಾತಕ್ಕೆ ಅಂತ ಒಂದು ಸಾಲು ಬರೆಯಿರಿ. ಮಗಳ ಓದಿಗೋ, ವಯಸ್ಸಾದಾಗ ಬಾಡಿಗೆ ಬರಲಿ ಅಂತಲೋ, ಏನೋ ಒಂದು. "ಇರಲಿ ಅಂತ" ಅನ್ನುವ ಉತ್ತರ ಬಂದರೆ ಪೆನ್ನು ಕೆಳಗಿಡಿ. ಆಮೇಲೆ ಈ ಕಂತಿನ ಬೆಲೆ ಯಾರು ಕಟ್ಟುತ್ತಾರೆ ಅಂತ ನೋಡಿ. ದುಡ್ಡಿನ ಮಾತಲ್ಲ ಇದು. ನೀವು ಜಾಸ್ತಿ ಹೊತ್ತು ದುಡಿಯಬೇಕಾದರೆ ಮನೆಯಲ್ಲಿ ಯಾರ ಸಂಜೆ ಹೋಗುತ್ತದೆ, ಯಾರ ಓದೋ ಚಿಕಿತ್ಸೆಯೋ ಮುಂದಕ್ಕೆ ಹೋಗುತ್ತದೆ? ಅವರನ್ನು ಕೇಳಿದ್ದೀರಾ? ಹಾಗೇ, ಸಾಕು ಅನ್ನುವ ಗೆರೆಯನ್ನು ನಿಮ್ಮೊಬ್ಬರ ಮನಸ್ಸಿನಲ್ಲಿ ಇಡಬೇಡಿ. ಹಿಂದಿನ ಗೆರೆಯನ್ನು ನೀವು ಯಾರಿಗೂ ಗೊತ್ತಾಗದಂತೆ ಎರಡು ಪಟ್ಟು ದೂರ ಸರಿಸಿದ್ದೀರಿ. ಈ ಸಲ ಅದನ್ನು ಹೆಂಡತಿಗೋ, ನಂಬುವ ಗೆಳೆಯರೊಬ್ಬರಿಗೋ ಹೇಳಿ, ಕೇಳುವ ಹಕ್ಕು ಕೊಡಿ. ಮಾರಯ್ಯನಿಗೆ ಲಕ್ಕಮ್ಮ ಇದ್ದಳು. ಪಾಹೋಮನ ಹೆಂಡತಿ ಕತೆಯ ಆರಂಭದಲ್ಲಿ ಅಕ್ಕನ ಜೊತೆ ಚೆನ್ನಾಗಿಯೇ ವಾದ ಮಾಡುತ್ತಾಳೆ, ಆದರೆ ಕೊನೆಯ ಪ್ರಯಾಣಕ್ಕೆ ಅವನು ಅವಳನ್ನು ಮನೆ ನೋಡಿಕೊಳ್ಳಲು ಬಿಟ್ಟು ಆಳನ್ನು ಕರೆದುಕೊಂಡು ಹೋಗುತ್ತಾನೆ.

ಮಗಳಿಗೆ ಏನು ಹೇಳಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ: ಅವಳ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕತೆಯನ್ನು ಇಬ್ಬರೂ ಕೂತು ಇನ್ನೊಮ್ಮೆ ಓದಿ, ದಂಡದ ಭಾಗ ಬಂದಾಗ ನಿಲ್ಲಿಸಿ, ಅವಳು ಏನು ಹೇಳುತ್ತಾಳೆ ಕೇಳಿ. ಕತೆಯನ್ನು ಒಬ್ಬರ ತಲೆಗೆ ಇನ್ನೊಬ್ಬರು ಹೊಡೆಯುವ ಕೋಲು ಮಾಡಿಕೊಳ್ಳಬೇಡಿ. ಮರುದಿನ ಚೆಕಾವ್‌ನ ಕತೆ ಓದಿ, ಎರಡನ್ನೂ ಒಟ್ಟಿಗೆ ಇಟ್ಟರೆ ಒಳ್ಳೆಯ ಜಗಳ ಹುಟ್ಟುತ್ತದೆ. ಮೊಲಿಯೇರ್ ನಾಟಕವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೇ ಮಜಾ. ಹಾರ್ಪಗಾನನ ಪಾತ್ರ ಅವಳಿಗೆ ಬಿಡಿ. ಬಾಲ್ಜಾಕ್ ಕಾದಂಬರಿ ಅವಳಿಗೆ ಇನ್ನೂ ಬೇಗ ಆಗಬಹುದು, ಅದು ನಿಮಗೆ. ಶುರುವಿನಲ್ಲಿ ಬೀದಿ, ಮನೆ, ಗೋಡೆಗಳ ವರ್ಣನೆಯೇ ಜಾಸ್ತಿ. ಬೇಸರವಾದರೆ ಗ್ರಾಂದೆ ಬೆಳಿಗ್ಗೆ ಎದ್ದು ಮನೆಯವರಿಗೆ ಆ ದಿನದ ಬ್ರೆಡ್ಡು, ಸಕ್ಕರೆ, ಮೇಣದಬತ್ತಿ ಅಳೆದು ಕೊಡುವ ಕಡೆಗೆ ನೇರ ಹಾರಿ, ತಪ್ಪೇನಿಲ್ಲ.